ಗಾಳಕ್ಕೆ ಸಿಕ್ಕ ಸಣ್ಣ ಮೀನು: ಇಟ್ಟುಕೊಳ್ಳುವುದೋ, ಬಿಡುವುದೋ?

ಭಾನುವಾರ ಬೆಳಗಾದರೆ ಹರಿಹರದ ತುಂಗಭದ್ರಾ ಸೇತುವೆಯ ಆಸುಪಾಸಿನಲ್ಲಿ, ದೇವರಬೆಳಕೆರೆ ಪಿಕಪ್ ಡ್ಯಾಂನ ದಂಡೆಯಲ್ಲಿ ಗಾಳ ಹಿಡಿದು ಕೂತವರು ಕಾಣುತ್ತಾರೆ. ದಾವಣಗೆರೆಯಿಂದ ಬೈಕಿನಲ್ಲಿ ಬಂದ ಹುಡುಗರು, ನಿವೃತ್ತರಾದ ಹಿರಿಯರು, ರಜೆ ಸಿಕ್ಕ ನೌಕರರು. ಸಣ್ಣ ಮೀನನ್ನು ನೀರಿಗೆ ಬಿಡಬೇಕೆಂಬುದು ಇವರಲ್ಲಿ ಹಲವರಿಗೆ ಗೊತ್ತು, ಬಿಡುವವರೂ ಇದ್ದಾರೆ. ಆದರೆ ಬಿಡುವ ಹೊತ್ತು ತಪ್ಪುತ್ತದೆ, ಬಿಡುವ ಬಗೆ ತಪ್ಪುತ್ತದೆ, ಕೆಲವು ಸಲ ಬಿಡುವ ಮೀನೇ ತಪ್ಪಾಗಿರುತ್ತದೆ. ಹೀಗೆ ಬಿಟ್ಟ ಮೀನು ನಾಲ್ಕು ಮಾರು ಈಜಿ ಹೊಟ್ಟೆ ಮೇಲಾಗಿ ತೇಲಿದರೆ ಹೊಳೆಗೆ ಏನೂ ದಕ್ಕಲಿಲ್ಲ.

ಸಣ್ಣದನ್ನು ಬಿಟ್ಟು ದೊಡ್ಡದಕ್ಕೆ ಕಾಯಬೇಕೇ ಎಂಬ ಪ್ರಶ್ನೆ ಬೇಟೆಯಷ್ಟೇ ಹಳೆಯದು. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2002ರಿಂದ ಗಂಡು ಜಿಂಕೆಯ ಕೊಂಬಿನ ಕವಲುಗಳನ್ನು ಎಣಿಸಿಯೇ ಗುಂಡು ಹಾರಿಸಬೇಕು. ಮೊದಲ ಕೊಂಬು ಮೂಡಿದ ವರ್ಷವೇ ಬಲಿಯಾಗುತ್ತಿದ್ದ ಗಂಡುಗಳು ಇನ್ನೊಂದೆರಡು ವರ್ಷ ಬದುಕಲಿ ಎಂಬುದು ಆ ನಿಯಮದ ಉದ್ದೇಶ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಪ್ರಶ್ನೆಗೆ ಜಾಗವೇ ಇಲ್ಲ. ಹೊಳೆಯಾಚೆ ರಾಣೆಬೆನ್ನೂರು ಧಾಮದ ಕೃಷ್ಣಮೃಗವನ್ನು, ಅದು ಮರಿಯಾಗಲಿ, ಕೊಂಬು ತಿರುಚಿದ ಹೋರಿಯಾಗಲಿ, ಬೇಟೆಯಾಡಿದರೆ 3ರಿಂದ 7 ವರ್ಷ ಜೈಲು. ಹೀಗಾಗಿ ಬಿಡಲೋ ಬೇಡವೋ ಎಂದು ಸಾಮಾನ್ಯ ಮನುಷ್ಯ ಕಾನೂನಿನೊಳಗೇ ನಿಂತು ಯೋಚಿಸಬೇಕಾದ ಜಾಗ ಗಾಳದ ತುದಿ. ಅಲ್ಲಿ ಮಾಡಬೇಕಾದ್ದು ಇಷ್ಟು.

1. ನೀರು ಯಾವುದೆಂದು ನೋಡಿಕೊಳ್ಳುವುದು

ಕೆರೆಗೂ ಹೊಳೆಗೂ ಲೆಕ್ಕ ಬೇರೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನಲ್ಲಿ ಹರಿಯುವ ಹೊಸ ನೀರು ಬೇಕು. ಅದಕ್ಕೇ ಮರಿ ಉತ್ಪಾದನಾ ಕೇಂದ್ರಗಳಲ್ಲಿ ಚುಚ್ಚುಮದ್ದು ಕೊಟ್ಟು ಮೊಟ್ಟೆ ಇಡಿಸುತ್ತಾರೆ. ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಅಲಿಕುನ್ಹಿ ಈ ವಿಧಾನದಲ್ಲಿ ಗೆದ್ದದ್ದು 1957ರ ಜುಲೈ 10ರಂದು. ಆ ದಿನವನ್ನೇ ದೇಶದಲ್ಲಿ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಹಾಗಾಗಿ ಸೂಳೆಕೆರೆಯಲ್ಲಿ, ಅಂದರೆ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಲ್ಲಿ, ಸಣ್ಣ ಕಾಟ್ಲಾ ಬಿಟ್ಟರೆ ಅದು ಬೆಳೆದು ತೂಕ ಕಟ್ಟುತ್ತದೆ, ಕೆರೆಯಲ್ಲಿ ಸಂತಾನ ಮಾಡುವುದಿಲ್ಲ. ಅದೇ ಮೀನನ್ನು ಹರಿಹರದ ಹೊಳೆಯಲ್ಲಿ ಬಿಟ್ಟರೆ ಮೊಟ್ಟೆ ಇಡುವ ಅವಕಾಶವಿದೆ. ಹೊಳೆಯಲ್ಲಿ ಬಿಟ್ಟ ಮೀನಿನ ಬೆಲೆ ಹೆಚ್ಚು.

ಇನ್ನೊಂದು ಮಾತು. ಕೆರೆಯ ಮೀನು ಬಹುಮಟ್ಟಿಗೆ ಯಾರೋ ಹಣ ಕೊಟ್ಟು ಬಿತ್ತಿದ ಮರಿ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ, ಸಣ್ಣವನ್ನು ಗ್ರಾಮ ಪಂಚಾಯಿತಿ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆದಾರರನ್ನೋ ಮೀನುಗಾರರ ಸಹಕಾರ ಸಂಘವನ್ನೋ ಕೇಳದೆ ಗಾಳ ಹಾಕಿದರೆ ಅದು ಕಳವು. ಹೊಳೆಗೂ ಪರವಾನಗಿ ಬೇಕೇ, ಯಾವ ತಿಂಗಳು ನಿಷೇಧವಿದೆ ಎಂಬುದನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಬೇಕು.

2. ಜಾತಿ ಗುರುತಿಸುವುದು

ಸಣ್ಣದೆಲ್ಲ ಮರಿಯಲ್ಲ. ಬೆರಳುದ್ದದ ಪುಡಿಮೀನುಗಳಲ್ಲಿ ಹಲವು ಬೆಳೆಯುವುದೇ ಅಷ್ಟು. ಅವು ವರ್ಷದೊಳಗೆ ಮೊಟ್ಟೆ ಇಟ್ಟಾಗಿರುತ್ತದೆ. ಅದೇ ಅಂಗೈಯುದ್ದದ ಕಾಟ್ಲಾ ಇನ್ನೂ ಕೂಸು.

ತಲೆ ದಪ್ಪ, ಬಾಯಿ ಮೇಲ್ಮುಖವಾಗಿದ್ದರೆ ಕಾಟ್ಲಾ. ರೆಕ್ಕೆಗಳಲ್ಲಿ ಕೆಂಪು ಛಾಯೆ, ಕೆಳತುಟಿಯ ಅಂಚು ಜಾಲರಿಯಂತಿದ್ದರೆ ರೋಹು. ಮೈ ನೀಳ, ಬೆಳ್ಳಿ ಬಣ್ಣ, ಬಾಯಿ ಚಿಕ್ಕದಾಗಿದ್ದರೆ ಮೃಗಾಲ್. ಬಾಯಿಯ ಎರಡೂ ಬದಿ ಜೋಡಿ ಮೀಸೆ, ಬೆನ್ನುದ್ದಕ್ಕೂ ರೆಕ್ಕೆ ಇದ್ದರೆ ಸಾಮಾನ್ಯ ಗೆಂಡೆ. ಈ ಗೆಂಡೆ ಹೊರಗಿನಿಂದ ಬಂದದ್ದು, ವರ್ಷ ತುಂಬುವುದರೊಳಗೇ ಬೆದೆಗೆ ಬಂದು ಕೆರೆಯ ಜೊಂಡಿನಲ್ಲೇ ಮೊಟ್ಟೆ ಅಂಟಿಸುತ್ತದೆ. ಹೊಳೆಯಲ್ಲಿ ಸಣ್ಣ ಗೆಂಡೆ ಸಿಕ್ಕರೆ ಇಟ್ಟುಕೊಳ್ಳಲು ಹಿಂಜರಿಯಬೇಕಿಲ್ಲ.

ಕಾಟ್ಲಾ, ರೋಹು ಕೂಡ ಮೂಲತಃ ಗಂಗಾ ಕಣಿವೆಯವು, ಇಲ್ಲಿಗೆ ತಂದು ಬಿತ್ತಿದವು. ತುಂಗಭದ್ರೆಯ ಸ್ವಂತ ಮಕ್ಕಳೆಂದರೆ ಕೆಮ್ಮೀನು, ಹುಲ್ಲು ಮೇಯುವ ಹರಗಿ ಮೀನು, ಮಹಶೀರ್. ತುಂಗಭದ್ರಾ ಜಲಾಶಯದಲ್ಲಿ ಒಂದು ಕಾಲಕ್ಕೆ ಹೇರಳವಾಗಿದ್ದ ಹರಗಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಮೇಲ್ಗಡೆ ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಚಿಪ್ಪಲಗುಡ್ಡೆಯಲ್ಲಿ ಮಹಶೀರ್ ಉಳಿದಿರುವುದು ಜನ ಅದನ್ನು ದೇವರ ಮೀನೆಂದು ಮುಟ್ಟದೆ ಬಿಟ್ಟಿದ್ದರಿಂದ. ಅದೇ ನೀರು ಹರಿದು ಹರಿಹರಕ್ಕೆ ಬರುತ್ತದೆ. ಹರಗಿ, ಮಹಶೀರ್ ಸಿಕ್ಕರೆ ಗಾತ್ರ ನೋಡದೆ ಬಿಡಬೇಕು.

3. ಒಂದು ಮೊಳದ ಗುರುತು

ತೂಕದ ತಕ್ಕಡಿ ಬೇಡ. ಗಾಳದ ಕೋಲಿನ ಮೇಲೆ ಬುಡದಿಂದ 45 ಸೆಂ.ಮೀ. ದೂರಕ್ಕೆ, ಅಂದರೆ ಒಂದು ಮೊಳಕ್ಕೆ, ಬಣ್ಣದ ಟೇಪು ಸುತ್ತಿಕೊಂಡರೆ ಸಾಕು. ಕಾಟ್ಲಾ, ರೋಹು ಸಾಮಾನ್ಯವಾಗಿ ಎರಡನೇ ವರ್ಷ ತುಂಬುವ ಹೊತ್ತಿಗೆ ಬೆದೆಗೆ ಬರುತ್ತವೆ. ಆಗ ಅವುಗಳ ಉದ್ದ ಹೆಚ್ಚುಕಡಿಮೆ ಇಷ್ಟಿರುತ್ತದೆ. ಟೇಪಿಗಿಂತ ಚಿಕ್ಕದಾದರೆ ಹೊಳೆಗೆ. ಮೃಗಾಲ್‌ಗೆ ಒಂದು ಗೇಣು ಕಡಿಮೆ ಹಿಡಿಯಬಹುದು ಎನ್ನುವವರಿದ್ದಾರೆ. ಅಷ್ಟು ಸಡಿಲ ಬೇಡ, ನಾಲ್ಕು ಬೆರಳು ಕಡಿಮೆ ಸಾಕು. ಇದು ಸರ್ಕಾರದ ನಿಯಮವಲ್ಲ, ಗಾಳಗಾರ ತನಗೆ ತಾನೇ ಹಾಕಿಕೊಳ್ಳಬೇಕಾದ ಗೆರೆ.

4. ನಿರ್ಧಾರ ನೀರಿನಂಚಿನಲ್ಲೇ ಆಗಬೇಕು

ಅತಿ ಹೆಚ್ಚು ಮೀನು ವ್ಯರ್ಥವಾಗಿ ಸಾಯುವುದು ಈ ಹಂತದಲ್ಲಿ. ಆದ್ದರಿಂದ ಇದನ್ನು ಬಿಡಿಸಿ ಹೇಳಲೇಬೇಕು.

ನಡೆಯುವುದು ಹೀಗೆ. ಬೆಳಿಗ್ಗೆ ಏಳಕ್ಕೆ ಒಂದು ಗೇಣಿನ ರೋಹು ಬೀಳುತ್ತದೆ. "ಇರ್ಲಿ ತಗಳ್ರಿ, ಮುಂದೆ ಏನೂ ಸಿಗದಿದ್ರೆ ಇದಾದ್ರೂ ಆಗ್ತದೆ" ಎಂದು ಬಕೆಟ್ಟಿಗೆ ಹಾಕುತ್ತಾರೆ. ಹತ್ತು ಗಂಟೆಗೆ ಎರಡು ಕೆ.ಜಿ.ಯ ಕಾಟ್ಲಾ ಸಿಗುತ್ತದೆ. ಆಗ ಮನಸ್ಸು ದೊಡ್ಡದಾಗಿ, ಬಕೆಟ್ಟಿನ ರೋಹುವನ್ನು ಎತ್ತಿ ಹೊಳೆಗೆ ಎಸೆಯುತ್ತಾರೆ. ಹತ್ತಿರ ಹೋಗಿ ನೋಡಿದರೆ ಆ ಮೂರು ಗಂಟೆಯಲ್ಲಿ ಆದದ್ದು ಕಾಣುತ್ತದೆ. ಬಕೆಟ್ಟಿನ ನೀರು ಬೆಚ್ಚಗಾಗಿದೆ, ಮೇಲೆ ಲೋಳೆಯ ನೊರೆ ಕಟ್ಟಿದೆ, ಮೀನು ಬಾಯಿ ಮೇಲೆತ್ತಿ ಗಾಳಿ ನುಂಗುತ್ತಿದೆ, ಪಕ್ಕೆಯಲ್ಲಿ ಎರಡು ಕಡೆ ಹುರುಪೆ ಎದ್ದುಹೋಗಿದೆ. ಬಿಟ್ಟ ಕೂಡಲೇ ಅದು ಈಜಿಕೊಂಡು ಹೋಗುವುದು ನಿಜ. ನೋಡಿದವರಿಗೆ ಸಮಾಧಾನವೂ ಆಗುತ್ತದೆ. ಆದರೆ ದಣಿವು, ಉಸಿರಿನ ಕೊರತೆ, ಗಾಯಕ್ಕೆ ಹತ್ತುವ ಬೂಷ್ಟು ತಮ್ಮ ಕೆಲಸ ಮಾಡುವುದು ಆಮೇಲೆ, ಯಾರೂ ಕಾಣದ ಕಡೆ.

ಕೆನಡಾದ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಣ್ಣು ತೆರೆಸುತ್ತದೆ. ರೇನ್‌ಬೋ ಟ್ರೌಟ್ ಮೀನುಗಳನ್ನು ಗಾಳಕ್ಕೆ ಸಿಕ್ಕಾಗ ಒದ್ದಾಡುವಷ್ಟೇ ದಣಿಸಿ ನೀರಿನಲ್ಲೇ ಬಿಟ್ಟಾಗ ಸತ್ತದ್ದು ಶೇ 12. ದಣಿಸಿದ ಮೇಲೆ 30 ಸೆಕೆಂಡು ಗಾಳಿಯಲ್ಲಿಟ್ಟಾಗ ಶೇ 38. ಒಂದು ನಿಮಿಷ ಇಟ್ಟಾಗ ಶೇ 72. ಟ್ರೌಟ್ ತಣ್ಣೀರಿನ ನಾಜೂಕು ಮೀನು, ನಮ್ಮ ರೋಹು ಅದಕ್ಕಿಂತ ಗಟ್ಟಿ. ಅಂಕಿ ಹಾಗೇ ಹೊಂದುವುದಿಲ್ಲ. ಆದರೂ ಫೋಟೊ ತೆಗೆಯಲು, ಗೆಳೆಯನಿಗೆ ತೋರಿಸಲು, ಇಡಲೋ ಬಿಡಲೋ ಎಂದು ಯೋಚಿಸಲು ಹೋಗುವ ಒಂದು ನಿಮಿಷದ ಬೆಲೆ ಎಷ್ಟೆಂಬುದು ತಿಳಿಯುತ್ತದೆ.

ಆದ್ದರಿಂದ ಗೆರೆಯನ್ನು ಮನೆಯಿಂದ ಹೊರಡುವ ಮೊದಲೇ ಹಾಕಿಕೊಳ್ಳಬೇಕು. ಮೀನು ದಂಡೆ ಮುಟ್ಟಿದಾಗ ಟೇಪಿನ ಪಕ್ಕ ಒಮ್ಮೆ ಹಿಡಿದು ನೋಡುವುದು, ಅಲ್ಲಿಗೇ ಮುಗಿಸುವುದು. ಬಕೆಟ್ಟಿಗೆ ಹೋದದ್ದು ಮನೆಗೇ ಹೋಗಬೇಕು. ದೊಡ್ಡದು ಸಿಕ್ಕಿತೆಂದು ಬದಲಿಸುವಂತಿಲ್ಲ. ಏನೂ ಸಿಗದ ದಿನ ಬರಿಗೈಯಲ್ಲಿ ಮರಳುವುದಕ್ಕೆ ಮನಸ್ಸಿಲ್ಲದವರು ಸಣ್ಣದನ್ನು ಬಿಡುವ ಮಾತೇ ಆಡದಿರುವುದು ಒಳ್ಳೆಯದು.

5. ತಿಂಗಳು ನೋಡುವುದು

ಜೂನ್‌ನಿಂದ ಆಗಸ್ಟ್‌ವರೆಗೆ ಲೆಕ್ಕ ತಿರುವುಮುರುವಾಗುತ್ತದೆ. ಹೊಸ ಕೆನ್ನೀರು ಏರಿದಾಗ ಮೇಲ್ಮುಖವಾಗಿ ಹತ್ತುವ ಮೀನು, ಮಲೆನಾಡಿನವರು ಹತ್ತುಮೀನು ಎನ್ನುವಂಥದ್ದು, ಹೊಟ್ಟೆ ತುಂಬ ಮೊಟ್ಟೆ ಹೊತ್ತಿರುತ್ತದೆ. ಈ ಕಾಲದಲ್ಲಿ ದೊಡ್ಡದನ್ನೇ ಬಿಡಬೇಕು.

ಹೆಣ್ಣು ಗುರುತಿಸುವುದು ಕಷ್ಟವಲ್ಲ. ಕಿವಿರಿನ ಹಿಂದಿನ ರೆಕ್ಕೆಯ ಮೇಲ್ಮೈ ಮೇಲೆ ಬೆರಳಾಡಿಸಿದರೆ ಬೆದೆಯ ಗಂಡಿನಲ್ಲಿ ತರಿತರಿಯಾಗಿರುತ್ತದೆ, ಹೆಣ್ಣಿನಲ್ಲಿ ನುಣುಪು. ಹೆಣ್ಣಿನ ಹೊಟ್ಟೆ ಮೆತ್ತಗೆ ಉಬ್ಬಿ, ಗುದದ್ವಾರ ಕೆಂಪಾಗಿರುತ್ತದೆ. ಕಾಟ್ಲಾ, ರೋಹು ಹೆಣ್ಣು ತನ್ನ ತೂಕದ ಕೆ.ಜಿ.ಯೊಂದಕ್ಕೆ ಲಕ್ಷಕ್ಕೂ ಮಿಕ್ಕಿ ಮೊಟ್ಟೆ ಇಡುತ್ತದೆ. ದೊಡ್ಡ ತಾಯಿಯ ಬಲ ಇನ್ನೂ ಹೆಚ್ಚು: ಸಮುದ್ರ ಮೀನುಗಳ ಕುರಿತು 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ 30 ಕೆ.ಜಿ.ಯ ಒಂದು ಕಾಡ್ ಮೀನು ಇಡುವಷ್ಟು ಮೊಟ್ಟೆಗೆ 2 ಕೆ.ಜಿ.ಯ 28 ಮೀನು ಬೇಕು. ಮಳೆಗಾಲದಲ್ಲಿ ಸಣ್ಣದನ್ನು ಬಿಟ್ಟು ತತ್ತಿ ತುಂಬಿದ ಐದು ಕೆ.ಜಿ.ಯದನ್ನು ಹೊತ್ತೊಯ್ಯುವವರು ಹೊಳೆಗೆ ಉಪಕಾರ ಮಾಡಿದೆವೆಂದುಕೊಳ್ಳಬಾರದು. ಆ ಮೂರು ತಿಂಗಳು ಗಾಳವನ್ನೇ ಅಟ್ಟಕ್ಕೇರಿಸಿದರೆ ಇನ್ನೂ ಉತ್ತಮ.

ಏಪ್ರಿಲ್, ಮೇ ತಿಂಗಳ ಅಪಾಯ ಬೇರೆ. ಆಗ ಹರಿಹರದ ಬಳಿ ಹೊಳೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿಯುತ್ತವೆ. ಮೀನೆಲ್ಲ ಅಲ್ಲಿ ಸೇರಿ ಎರೆ ಹಾಕಿದ ಕೂಡಲೇ ಕಚ್ಚುತ್ತದೆ. ಸುಲಭಕ್ಕೆ ಸಿಗುವ ಆ ಮೀನೇ ಮುಂದಿನ ತಿಂಗಳು ಮೊಟ್ಟೆ ಇಡಬೇಕಾದ್ದು. ಮಡುವಿನಲ್ಲಿ ಗಾಳ ಹಾಕುವುದನ್ನು ಹವ್ಯಾಸ ಎನ್ನಲಾಗದು.

ಕೊರವ ಮೀನಿನ ವಿಷಯದಲ್ಲಿ ಮತ್ತೊಂದು ಎಚ್ಚರ. ನೀರಿನ ಮೇಲೆ ಕೆಂಪು ಮರಿಗಳ ಗುಂಪು ಒಟ್ಟಾಗಿ ಏಳುತ್ತ ಮುಳುಗುತ್ತ ಸಾಗುತ್ತಿದ್ದರೆ ಅದರಡಿಯಲ್ಲಿ ತಂದೆತಾಯಿ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎರೆ ಹಾಕಿದರೆ ದೊಡ್ಡ ಕೊರವ ಸಿಟ್ಟಿನಿಂದಲೇ ಕಚ್ಚುತ್ತದೆ. ಅದನ್ನು ಎತ್ತಿದರೆ ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ.

6. ಬಿಡುವ ಬಗೆ

ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿಟ್ಟುಕೊಳ್ಳಬೇಕು. ಮೀನು ಮುಟ್ಟುವ ಮುನ್ನ ಕೈ ಒದ್ದೆ ಮಾಡಬೇಕು. ಒಣಗೈ, ಟವೆಲ್ಲು ಲೋಳೆಯನ್ನು ಒರೆಸಿಬಿಡುತ್ತವೆ, ರೋಗ ತಡೆಯುವುದು ಆ ಲೋಳೆಯೇ. ಕಿವಿರಿಗೆ ಬೆರಳು ತೂರಿಸಬಾರದು. ಕೊಕ್ಕೆ ನುಂಗಿದ್ದರೆ ಎಳೆಯದೆ ದಾರವನ್ನು ಬಾಯಿಯ ಬಳಿ ಕತ್ತರಿಸಬೇಕು. ತಲೆ ಹರಿವಿನೆದುರಿಗೆ ಮಾಡಿ ನೀರಿನಲ್ಲೇ ಹಿಡಿದು, ಅದಾಗಿ ಬಾಲ ಬೀಸಿದಾಗ ಕೈ ಸಡಿಲಿಸಬೇಕು. ದಂಡೆಯಿಂದ ಎಸೆಯಬಾರದು.

7. ಬಿಡಬಾರದವು

ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಸಣ್ಣದಾದರೂ ಮರಳಿ ನೀರಿಗೆ ಬಿಡಬಾರದು. ಜಿಲೇಬಿ ಮರಿಯನ್ನು ಬಾಯಲ್ಲೇ ಕಾಪಾಡಿ ಕೆರೆ ತುಂಬುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಇತರ ಮೀನುಗಳನ್ನು ನುಂಗುತ್ತದೆ, ಅದರ ಸಾಕಣೆಗೆ ದೇಶದಲ್ಲಿ ನಿಷೇಧವೂ ಇದೆ. ಅಕ್ವೇರಿಯಂ ಮೀನನ್ನು ಹೊಳೆಗೆ ಸುರಿಯುವುದೂ ಇಷ್ಟೇ ಕೆಟ್ಟದ್ದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಕಂಡವರು ಪೊಲೀಸರಿಗೆ ತಿಳಿಸಬೇಕು.

ತೆಪ್ಪ ಹಾಕಿ ಬದುಕುವ ಬೆಸ್ತರ ಮನೆಗಳು ಈ ಹೊಳೆಯನ್ನೇ ನಂಬಿವೆ. ಅವರಿಗೆ ಉಪದೇಶ ಹೇಳುವ ಮೊದಲು ಭಾನುವಾರದ ಗಾಳಗಾರರು ಈ ವಾರವೇ ಕೋಲಿಗೆ ಟೇಪು ಸುತ್ತಿಕೊಳ್ಳಲಿ, ಬಕೆಟ್ಟಿನಿಂದ ಮೀನು ಬದಲಿಸುವುದನ್ನು ನಿಲ್ಲಿಸಲಿ.