ಕೃತಕ ಬುದ್ಧಿಮತ್ತೆ ಬಂದರೆ ಶಿಕ್ಷಣ ಸಮಾನವಾಗುತ್ತದೆಯೇ?



ಕೃತಕ ಬುದ್ಧಿಮತ್ತೆ, ಅಂದರೆ ನಾವೆಲ್ಲ ಎಐ ಎಂದು ಕರೆಯುವುದು, ಬಡವರ ಮಕ್ಕಳಿಗೆ ಸಿಕ್ಕಿರುವ ಉಚಿತ ಟ್ಯೂಷನ್ ಮೇಷ್ಟ್ರು ಎಂದು ಈಗ ಎಲ್ಲ ಕಡೆ ಹೇಳುತ್ತಾರೆ. ಹಾಸನದಲ್ಲಿ ಟ್ಯೂಷನ್ನಿಗೆ ಹಣ ಕಟ್ಟಲಾಗದೆ ಅರಕಲಗೂಡು ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವ ಹುಡುಗಿಗೂ ರಾತ್ರಿ ಹತ್ತು ಗಂಟೆಗೆ ಸಂಶಯ ಕೇಳಲು ಒಬ್ಬರಿದ್ದಾರೆ ಎಂಬ ಮಾತು ಕೇಳಲು ಚೆನ್ನಾಗಿದೆ. ಅದರಲ್ಲಿ ನಿಜವೂ ಇದೆ. ಆದರೆ ವಾಣಿಜ್ಯ ವಿದ್ಯಾರ್ಥಿಗಳಾದ ನಾವು, ಯಾವುದನ್ನೇ ಉಚಿತ ಎಂದರೂ ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಕೇಳಬೇಕು.

ಮೊದಲು ನೀತಿಯನ್ನು ನೋಡೋಣ. 2015ರಲ್ಲಿ ವಿಶ್ವಸಂಸ್ಥೆಯ ರಾಷ್ಟ್ರಗಳು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ನಾಲ್ಕನೆಯದು ಶಿಕ್ಷಣ: 2030ರೊಳಗೆ ಎಲ್ಲ ಹುಡುಗ ಹುಡುಗಿಯರೂ ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣವನ್ನು ಉಚಿತವಾಗಿ ಮುಗಿಸಬೇಕು. ನಮ್ಮ ದೇಶದ ಶಿಕ್ಷಣ ಹಕ್ಕು ಕಾಯ್ದೆ 2009ರದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಅದು 6ರಿಂದ 14 ವರ್ಷದವರಿಗೆ ಮಾತ್ರ. ಪಿಯುಸಿ ಓದುವ ನಾವು ಅದರ ಹೊರಗಿದ್ದೇವೆ. ಶುಲ್ಕ, ಕೋಚಿಂಗ್, ಮೊಬೈಲ್ ಎಲ್ಲವೂ ಒಟ್ಟಿಗೆ ಬೇಕಾಗುವ ವಯಸ್ಸಿನಲ್ಲೇ ಹಕ್ಕು ಮುಗಿದಿರುತ್ತದೆ.

ಈಗ ಮನೆಯೊಳಗೆ ಬನ್ನಿ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ಭಾರತದ ನಗರಗಳಲ್ಲಿ ನೂರಕ್ಕೆ 42 ಮನೆಗಳಿಗೆ ಇಂಟರ್ನೆಟ್ ಸೌಲಭ್ಯವಿತ್ತು, ಹಳ್ಳಿಗಳಲ್ಲಿ ಸುಮಾರು 15 ಮನೆಗಳಿಗೆ. ಕಂಪ್ಯೂಟರ್ ಇದ್ದದ್ದು ನಗರದಲ್ಲಿ 23, ಹಳ್ಳಿಯಲ್ಲಿ 4 ಮನೆಗಳಲ್ಲಿ. ಆಮೇಲೆ ಮೊಬೈಲ್ ಹೆಚ್ಚಾಗಿದೆ, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಮೊಬೈಲ್ ಇದೆ ಎಂದರೆ ಮಕ್ಕಳ ಕೈಯಲ್ಲಿ ಇದೆ ಎಂದಲ್ಲ. ನಮ್ಮಂಥ ಎಷ್ಟೋ ಮನೆಗಳಲ್ಲಿ ಅದು ಬೆಳಿಗ್ಗೆ ಅಬ್ಬಾ ಜೊತೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತದೆ. ಬಂದ ಮೇಲೂ ಮೊದಲ ಸರದಿ ಅಣ್ಣನದು, ತಂಗಿಯದು ಕೊನೆಗೆ.

ಇದನ್ನು ಸರಿಯಾಗಿ ಗುರುತಿಸಿದ ಒಂದು ಯೋಜನೆ ನಮ್ಮ ರಾಜ್ಯದಲ್ಲೇ ನಡೆದಿತ್ತು. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟ್‌ನಲ್ಲಿ ಕರ್ನಾಟಕ ಸರ್ಕಾರ ‘ವಿದ್ಯಾಗಮ’ ಆರಂಭಿಸಿತು. ನಮ್ಮಲ್ಲಿ ಹಲವರು ಆಗ ಆರು, ಏಳನೇ ತರಗತಿಯಲ್ಲಿದ್ದೆವು. ಅದರಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಿದರು: ಇಂಟರ್ನೆಟ್ ಇರುವ ಫೋನ್ ಇದ್ದವರು, ಬರೀ ಮಾತಾಡುವ ಫೋನ್ ಇದ್ದವರು, ಏನೂ ಇಲ್ಲದವರು. ಶಿಕ್ಷಕರು ಊರೂರಿಗೆ ಹೋಗಿ ಮರದ ನೆರಳಲ್ಲಿ, ದೇವಸ್ಥಾನದ ಜಗುಲಿಯಲ್ಲಿ, ಸಮುದಾಯ ಭವನದಲ್ಲಿ ಪಾಠ ಮಾಡಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದು ಪೂರ್ತಿ ಯಶಸ್ವಿ ಎಂದು ನಾನು ಹೇಳುವುದಿಲ್ಲ. ಆದರೆ ಪಾಠ ಕಳಿಸುವ ಮೊದಲು ‘ಈ ಮಗುವಿನ ಬಳಿ ಏನಿದೆ?’ ಎಂದು ಕೇಳಿದ್ದು ನನಗೆ ಬಹಳ ಸರಿ ಎನಿಸುತ್ತದೆ. ಎಐ ವಿಷಯದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

ಫೋನ್ ಸಿಕ್ಕಿತು ಎಂದುಕೊಳ್ಳಿ. ಆಗ ಭಾಷೆ ಅಡ್ಡ ಬರುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಬೈಟ್ ಎಂಬ ಅಳತೆಯಲ್ಲಿ ಇಡುತ್ತಾರೆ. ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್, ಉರ್ದುವಿನದಕ್ಕೆ 2, ಕನ್ನಡದ್ದಕ್ಕೆ 3. ನಮ್ಮ ದೀರ್ಘಕ್ಕೆ, ಏತ್ವಕ್ಕೆ ಕೂಡ ಬೇರೆಯಾಗಿ 3. ‘ಸ್ಕೂಲ್’ ಎಂದು ಇಂಗ್ಲಿಷಿನಲ್ಲಿ ಬರೆದರೆ 6 ಬೈಟ್, ಉರ್ದು ಲಿಪಿಯಲ್ಲಿ ‘ಇಸ್ಕೂಲ್’ ಬರೆದರೆ 10, ಕನ್ನಡದಲ್ಲಿ ‘ಶಾಲೆ’ ಬರೆದರೆ 12. ಎಐ ವಾಕ್ಯವನ್ನು ಟೋಕನ್ ಎಂಬ ತುಂಡುಗಳಾಗಿ ಒಡೆದು ಓದುತ್ತದೆ. ಕನ್ನಡದ ವಾಕ್ಯ ಸಾಮಾನ್ಯವಾಗಿ ಇಂಗ್ಲಿಷಿಗಿಂತ ಹೆಚ್ಚು ತುಂಡಾಗುತ್ತದೆ. ಇದರ ಮೇಲೆ ಆ್ಯಪ್ ಕಟ್ಟುವವರಿಗೆ ಕಂಪನಿಗಳು ದರ ಹಾಕುವುದು ಟೋಕನ್ ಎಣಿಸಿ. ಹಾಗಾಗಿ ಅದೇ ಪ್ರಶ್ನೆ ಕನ್ನಡದಲ್ಲಿ ಹೆಚ್ಚು ದುಬಾರಿ. ಹೊಸ ಮಾದರಿಗಳಲ್ಲಿ ಈ ಅಂತರ ಕಡಿಮೆಯಾಗುತ್ತಿದೆ, ಕೇಂದ್ರ ಸರ್ಕಾರವೂ 2022ರಲ್ಲಿ ‘ಭಾಷಿಣಿ’ ಆರಂಭಿಸಿದೆ. ಆದರೂ ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರ ಚೆನ್ನಾಗಿ ಬರುತ್ತದೆ ಎಂಬುದು ನಮ್ಮ ತರಗತಿಯಲ್ಲಿ ಎಲ್ಲರಿಗೂ ಗೊತ್ತು. ಇನ್ನು ನಮ್ಮ ಮನೆಯ ದಖನಿಯಲ್ಲಿ ಬರೆದರೆ ಅದು ನಮ್ಮ ನಾನಿಯ ಮಾತನ್ನೇ ತಿದ್ದಲು ಹೊರಡುತ್ತದೆ!

ಮೂರನೆಯ ವ್ಯತ್ಯಾಸ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂದು ಲೆಕ್ಕ ನೋಡಿ. ಪಾಲುದಾರ ಪ್ರತಿ ತಿಂಗಳ ಆರಂಭದಲ್ಲಿ ರೂ. 2,000 ಡ್ರಾಯಿಂಗ್ಸ್ ತೆಗೆಯುತ್ತಾನೆ, ಬಡ್ಡಿ ಶೇ. 10. ವರ್ಷದ ಒಟ್ಟು 24,000, ಸರಾಸರಿ ಅವಧಿ ಆರೂವರೆ ತಿಂಗಳು, ಬಡ್ಡಿ ರೂ. 1,300. ತಿಂಗಳ ಕೊನೆಯಲ್ಲಿ ತೆಗೆದರೆ ಅವಧಿ ಐದೂವರೆ ತಿಂಗಳು, ಬಡ್ಡಿ 1,100. ‘ಆರಂಭದಲ್ಲಿ’ ಎಂಬ ಒಂದು ಪದವನ್ನು ಯಂತ್ರ ಬಿಟ್ಟರೆ 200 ರೂಪಾಯಿ ವ್ಯತ್ಯಾಸ. ಆದರೆ ಉತ್ತರದ ಧೈರ್ಯದಲ್ಲಿ ಮಾತ್ರ ಏನೂ ವ್ಯತ್ಯಾಸವಿರುವುದಿಲ್ಲ! ಟ್ಯೂಷನ್ನಿಗೆ ಹೋಗುವವನು ಮರುದಿನ ಸರ್ ಬಳಿ ತೋರಿಸಿ ಸರಿಮಾಡಿಕೊಳ್ಳುತ್ತಾನೆ. ಹೊಳೆನರಸೀಪುರದ ಹಳ್ಳಿಯಲ್ಲಿ, ಮನೆಯವರಲ್ಲಿ ಯಾರೂ ಕಾಲೇಜು ನೋಡದವಳು ಅದನ್ನೇ ಬಾಯಿಪಾಠ ಮಾಡಿಕೊಂಡು ಪರೀಕ್ಷೆಗೆ ಹೋಗುತ್ತಾಳೆ. ಯಂತ್ರ ಇಬ್ಬರಿಗೂ ಒಂದೇ, ತಪ್ಪನ್ನು ಹಿಡಿಯುವವರು ಒಬ್ಬನಿಗೆ ಮಾತ್ರ ಇದ್ದಾರೆ.

ಆದ್ದರಿಂದ ಟ್ಯಾಬ್ ಹಂಚುವುದಕ್ಕಿಂತ ಮೊದಲು ಶಿಕ್ಷಕರ ಖಾಲಿ ಹುದ್ದೆ ತುಂಬಬೇಕು ಎಂಬುದು ನನ್ನ ಅಭಿಪ್ರಾಯ. ಯುನೆಸ್ಕೊ ಕೂಡ 2023ರ ಸೆಪ್ಟೆಂಬರ್‌ನಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ತರಗತಿಯಲ್ಲಿ ಎಐ ಬಳಕೆಗೆ ಕನಿಷ್ಠ 13 ವರ್ಷದ ಮಿತಿ ಮತ್ತು ಶಿಕ್ಷಕರಿಗೆ ತರಬೇತಿ ಬೇಕೆಂದು ಹೇಳಿದೆ. ಸರ್ಕಾರ ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ವಾರಕ್ಕೊಮ್ಮೆ ಗ್ರಂಥಾಲಯದಲ್ಲಿ ಕುಳಿತು, ಫೋನ್ ಇದ್ದವರು ಎಐ ಉತ್ತರ ಬರೆದು ತರುವುದು, ಇಲ್ಲದವರು ಪಠ್ಯಪುಸ್ತಕ ಹಿಡಿದು ಅದರ ತಪ್ಪು ಹುಡುಕುವುದು. ಚನ್ನರಾಯಪಟ್ಟಣದ ಬಸ್ಸು ಹಿಡಿಯುವವರಿಗಾಗಿ ಮಧ್ಯಾಹ್ನದ ಬಿಡುವಿನಲ್ಲೇ ಮಾಡಬಹುದು.

ಮೊದಲ ವಾರಕ್ಕೆ ಈ ಪ್ರಶ್ನೆ: ತಿಂಗಳ ಮಧ್ಯದಲ್ಲಿ ರೂ. 3,000ದಂತೆ ವರ್ಷವಿಡೀ ಡ್ರಾಯಿಂಗ್ಸ್, ಬಡ್ಡಿ ಶೇ. 8. ಕನ್ನಡ, ಉರ್ದು, ಇಂಗ್ಲಿಷ್ ಮೂರರಲ್ಲೂ ಕೇಳಿ ಬರೆದು ತನ್ನಿ. ಸರಿ ಉತ್ತರ ರೂ. 1,440.