ಮೋಟರಿನ ಎಂಡ್ ಕವರ್‌ನಲ್ಲಿ ಬೇರಿಂಗ್ ಸಡಿಲವಾದರೆ

ಒಂದು ಎಚ್‌ಪಿ ಮೋಟರು ಗರಗರ ಸದ್ದು ಮಾಡುತ್ತದೆ. ಹೊಸ ಬೇರಿಂಗ್ ತಂದು ಹಾಕಿದರೂ ಅದು ಎಂಡ್ ಕವರಿನೊಳಗೆ ಲೊಡಲೊಡ ಆಡುತ್ತದೆ. ಹಾಗಿದ್ದರೆ ಸವೆದಿರುವುದು ಬೇರಿಂಗ್ ಕೂರುವ ಗೂಡು.

ಮೂಲ ಕಾರಣ ಬಿಸಿ. ಅಲ್ಯೂಮಿನಿಯಂ ಕವರು ಉಕ್ಕಿನ ಬೇರಿಂಗಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 6204 ಬೇರಿಂಗಿನ ಹೊರವ್ಯಾಸ 47 ಮಿ.ಮೀ. ಇದು ಮತ್ತು ಕವರು 30 ಡಿಗ್ರಿಯಿಂದ 100 ಡಿಗ್ರಿಗೆ ಏರಿದರೆ ಇವೆರಡರ ನಡುವೆ 0.03 ಮಿ.ಮೀ.ಗೂ ಮೀರಿ ಸಡಿಲ ಬರುತ್ತದೆ. ಆಗ ಬೇರಿಂಗಿನ ಹೊರಬಳೆ ಗೂಡಿನೊಳಗೇ ಸುತ್ತತೊಡಗಿ ಮೆತ್ತಗಿನ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಣ್ಣಗಾದ ಮೇಲೂ ಹಳೆಯ ಬಿಗಿ ಮರಳುವುದಿಲ್ಲ.

ಹಂತ 1: ಬಿಚ್ಚುವುದು
ಕರೆಂಟ್ ವೈರು ಕಳಚಿ. ಕೆಪಾಸಿಟರ್ ಇದ್ದರೆ ಅದರ ಚಾರ್ಜ್ ಇಳಿಸದೆ ಮುಟ್ಟಬೇಡಿ. ಈ ಕೆಲಸ ಗೊತ್ತಿಲ್ಲದವರು ಗೊತ್ತಿದ್ದವರಿಂದ ಮಾಡಿಸಿ. ಕವರು ಮತ್ತು ಬಾಡಿ ಸೇರುವಲ್ಲಿ ಮಾರ್ಕರಿನಿಂದ ಒಂದು ಗೆರೆ ಎಳೆದು, ಆಮೇಲೆ ಬೋಲ್ಟ್ ಬಿಚ್ಚಿ. ಬೇರಿಂಗನ್ನು ಪುಲ್ಲರಿನಿಂದ ಎಳೆಯಿರಿ, ಸುತ್ತಿಗೆ ಬೇಡ.

ಹಂತ 2: ನೋಡುವುದು, ಅಳೆಯುವುದು
ಗೂಡಿನ ಗೋಡೆ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಳೆ ಸುತ್ತಿದೆ ಎಂದೇ ಅರ್ಥ. ಬೇರಿಂಗ್ ನೀಲಿಗಟ್ಟಿದ್ದರೆ ಉಕ್ಕು ಸುಮಾರು 300 ಡಿಗ್ರಿ ಕಂಡಿದೆ, ಅದನ್ನು ಎಸೆಯಿರಿ. ಹೊಸ ಬೇರಿಂಗನ್ನು ಗೂಡಿನಲ್ಲಿಟ್ಟು ಒಂದು ಬದಿಗೆ ಒತ್ತಿ, ಎದುರು ಬದಿಯ ಸಂದಿಗೆ ಫೀಲರ್ ಗೇಜ್ ತೂರಿಸಿ. 0.10 ಮಿ.ಮೀ. ಎಲೆ ಹೋಗದಿದ್ದರೆ ಅಂಟಿನಿಂದ ಕೆಲಸವಾಗುತ್ತದೆ. ಸಲೀಸಾಗಿ ಹೋದರೆ ಹಂತ 4ಕ್ಕೆ ಬನ್ನಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಷ್ಟೋ ಕಡೆ ಗೂಡಿನ ಒಳಗೋಡೆಗೆ ಸೆಂಟರ್ ಪಂಚಿನಿಂದ ಚುಕ್ಕಿ ಹೊಡೆದು ಬೇರಿಂಗ್ ಬಿಗಿ ಮಾಡಿಕೊಡುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಬೇರಿಂಗ್ ನಿಲ್ಲುವುದು ಆ ಚುಕ್ಕಿಗಳ ತುದಿಯ ಮೇಲೆ ಮಾತ್ರ. ಮೋಟರು ಮತ್ತೆ ಬಿಸಿಯಾದಾಗ ತುದಿಗಳು ಚಪ್ಪಟೆಯಾಗುತ್ತವೆ, ಸೆಂಟರೂ ತಪ್ಪಿರುತ್ತದೆ. ತಗಡಿನ ಚೂರು ತುರುಕುವುದೂ ಇದೇ ಜಾತಿಯ ಕೆಲಸ.

ಹಂತ 3: ಅಂಟು
ಬೇಕಾದದ್ದು ಬೇರಿಂಗ್ ಕೂರಿಸುವ ರಿಟೇನಿಂಗ್ ಕಾಂಪೌಂಡ್. ಬೋಲ್ಟಿಗೆ ಹಾಕುವ ಥ್ರೆಡ್‌ಲಾಕರ್ ಆಗಲಿ, ಎಪಾಕ್ಸಿಯಾಗಲಿ ಇದಕ್ಕೆ ಬದಲಿಯಲ್ಲ. ಲಾಕ್‌ಟೈಟ್ 641 ಮುಂದೆ ಬಿಚ್ಚಬೇಕಾದ ಬೇರಿಂಗಿಗೆಂದೇ ಇದೆ. ಗಾಳಿ ಸಿಗದ ಕಡೆ, ಲೋಹಕ್ಕೆ ತಾಗಿದಾಗ ಇದು ಗಟ್ಟಿಯಾಗುತ್ತದೆ.

ಗೂಡನ್ನೂ ಬೇರಿಂಗಿನ ಹೊರಮೈಯನ್ನೂ ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಒರೆಸಬೇಕು. ಜಿಡ್ಡಿದ್ದರೆ ಅಂಟು ಹಿಡಿಯದು. ಹೊಸ ಬೇರಿಂಗನ್ನು ಶಾಫ್ಟಿಗೆ ಹಾಕುವಾಗ ಒಳಬಳೆಯನ್ನಷ್ಟೇ ಒತ್ತಿ. ಅಂಟನ್ನು ಗೂಡಿನ ಬಾಯಿಯ ಸುತ್ತ ತೆಳ್ಳಗೆ ಸವರಿ, ಬೇರಿಂಗಿನ ಒಳಗೆ ಒಂದು ಹನಿಯೂ ಇಳಿಯಕೂಡದು. ಅಂಟು ಹಸಿಯಿರುವಾಗಲೇ ಗೆರೆ ಹೊಂದಿಸಿ ಕವರು ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪ ಬಿಗಿಯಿರಿ. ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ರೋಟರಿನ ಭಾರ ಬೇರಿಂಗನ್ನು ಒಂದು ಬದಿಗೆ ಎಳೆಯದಂತೆ ಮೋಟರನ್ನು ನೆಟ್ಟಗೆ ನಿಲ್ಲಿಸಿ 24 ಗಂಟೆ ಬಿಡಿ.

ಎರಡೂ ಕಡೆಯ ಬೇರಿಂಗಿಗೆ ಮಾತ್ರ ಅಂಟು ಹಾಕಬೇಡಿ. ಬಿಸಿಯಾದಾಗ ಶಾಫ್ಟೂ ಉದ್ದವಾಗುತ್ತದೆ, ಒಂದು ಬೇರಿಂಗಿಗೆ ಸರಿಯಲು ಎಡೆಯಿರಬೇಕು. ಅಲೆಅಲೆಯಾದ ವಾಷರ್ ಇರುವ ಕಡೆ ಆ ಎಡೆ. ಆ ಗೂಡು ಸವೆದಿದ್ದರೆ ಬುಷ್ಷೇ ಸರಿ.

ಹಂತ 4: ಬುಷ್
ಇದು ಲೇತ್ ಅಂಗಡಿಯ ಕೆಲಸ. ಗೂಡನ್ನು ಕೊರೆದು ಅಗಲಿಸಿ, ಕವರನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಬುಷ್ ಇಳಿಸುತ್ತಾರೆ. ಅಳತೆಗೆ ಹೊಸ ಬೇರಿಂಗನ್ನೇ ಒಯ್ಯಿರಿ. ಬುಷ್ಷಿನ ಒಳವ್ಯಾಸವನ್ನು ಅದು ಕವರಿನಲ್ಲಿ ಕೂತು ತಣಿದ ಮೇಲೆಯೇ ಕೊನೆಯ ಅಳತೆಗೆ ತರಬೇಕೆಂದು ಕೇಳಿಕೊಳ್ಳಿ, ಏಕೆಂದರೆ ಬಿಗಿಯಲ್ಲಿ ಬುಷ್ ಕುಗ್ಗುತ್ತದೆ.

ಹಂತ 5: ಬಿಸಿಯ ಮೂಲ
ಕೂಲಿಂಗ್ ಫ್ಯಾನ್ ಮುರಿದಿದೆಯೇ, ಅದರ ಜಾಲರಿ ಧೂಳಿನಿಂದ ಕಟ್ಟಿದೆಯೇ, ಬೆಲ್ಟ್ ವಿಪರೀತ ಬಿಗಿಯಿದೆಯೇ, ಲೋಡ್ ಇದ್ದಾಗ ವೋಲ್ಟೇಜ್ ಕುಸಿಯುತ್ತಿದೆಯೇ ನೋಡಿ ಸರಿಪಡಿಸಿ. ಆಮೇಲೆ ಅರ್ಧ ಗಂಟೆ ಓಡಿಸಿ, ಬೇರಿಂಗ್ ಇರುವ ಜಾಗದ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆಯಿರಿ. ಅಂಕಿ ಏರುತ್ತಲೇ ಹೋಗುತ್ತಿದ್ದರೆ ಮೋಟರು ನಿಲ್ಲಿಸಿ, ಕಾರಣ ಸಿಗುವವರೆಗೆ ಅದನ್ನು ಕೆಲಸಕ್ಕೆ ಹಚ್ಚಬೇಡಿ.