ಅನ್ನಪಾನನಿರೋಧ: ಸಾಕಿದ ಪ್ರಾಣಿಯನ್ನು ತೊರೆಯುವುದರ ವಿಚಾರ

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಬಾಯಿಪಾಠವಾಗಿ ಒಪ್ಪಿಸಬಲ್ಲ ಮಕ್ಕಳು ಜೈನ ಪಾಠಶಾಲೆಗಳಲ್ಲಿ ಇಂದಿಗೂ ಇದ್ದಾರೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವನ್ನು ಎಣಿಸಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಹೆಸರುಗಳು ತುಸು ಬೇರೆಯಾದರೂ ವಿಷಯ ಇದೇ. ಈ ಐದರಲ್ಲಿ ಕೊಲ್ಲುವುದೆಂಬುದು ಒಂದೂ ಇಲ್ಲವೆಂಬುದನ್ನು ಗಮನಿಸಬೇಕು. ‘ವಧ’ವೆಂದರೆ ಇಲ್ಲಿ ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದೆಂದೇ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅರ್ಥ ಹೇಳುತ್ತಾರೆ, ಪ್ರಾಣ ತೆಗೆಯುವುದರಿಂದ ವ್ರತಿಯು ಮೊದಲೇ ವಿರತನಾಗಿದ್ದಾನಷ್ಟೆ. ಹಟ್ಟಿಯಲ್ಲಿ ದನ ಕಟ್ಟಿ, ಬಾಗಿಲಲ್ಲಿ ನಾಯಿ ಇಟ್ಟುಕೊಂಡು ಸಂಸಾರ ನಡೆಸುವ ಗೃಹಸ್ಥನನ್ನೇ ಕಣ್ಣ ಮುಂದಿಟ್ಟುಕೊಂಡು ಆಚಾರ್ಯರು ಈ ಪಟ್ಟಿಯನ್ನು ಮಾಡಿದಂತಿದೆ.

ಹೀಗಿರುವಲ್ಲಿ ಒಂದು ಸಂದೇಹವು ಸ್ವಾಧ್ಯಾಯದಲ್ಲಿ ಏಳುವುದುಂಟು. ಇಷ್ಟವಾದ ಎಡೆಗೆ ಹೋಗಗೊಡದೆ ತಡೆಯುವುದು ಬಂಧ. ಹಾಗಾದರೆ ಹಗ್ಗ ಬಿಚ್ಚಿ ಬಿಟ್ಟುಬಿಟ್ಟರೆ ಬಂಧದ ದೋಷ ಹೋಯಿತಲ್ಲವೆ? ಚತುಷ್ಪದಗಳೂ ಬಾಹ್ಯ ಪರಿಗ್ರಹವೇ ಆಗಿರುವುದರಿಂದ, ಪರಿಗ್ರಹ ಪರಿಮಾಣ ಮಾಡಿಕೊಂಡವನು ಮುದಿ ಎತ್ತನ್ನೋ ನಾಯಿಯನ್ನೋ ಬಿಟ್ಟುಬಂದರೆ ಅದು ತ್ಯಾಗವೇ ಆಗಲಿಲ್ಲವೆ? ಟ್ರ್ಯಾಕ್ಟರು ಬಂದ ಮೇಲೆ ಕೆಲಸವಿಲ್ಲದ ಎತ್ತು, ಹಾಲು ಬತ್ತಿದ ಹಸು, ಡೇರಿಗೆ ಬೇಡವಾದ ಗಂಡುಗರು ಇವೆಲ್ಲ ಸಂತೆಯ ಬಯಲಿನಲ್ಲಿಯೋ ಹೆದ್ದಾರಿಯ ಬದಿಯಲ್ಲಿಯೋ ಕಾಣಸಿಗುವುದಕ್ಕೆ ಇಂತಹ ಸಮಾಧಾನಗಳೂ ಒಂದು ಕಾರಣ.

ಪಾತ್ರೆಯನ್ನು ತ್ಯಜಿಸಿದರೆ ಪಾತ್ರೆಗೆ ನೋವಿಲ್ಲ. ಹತ್ತು ವರ್ಷ ಒಂದೇ ಕೈಯಿಂದ ಉಂಡ ನಾಯಿಗಾದರೋ ಆ ಕೈಯೇ ಅನ್ನ. ಪರವೂರಿನ ಬೀದಿಯಲ್ಲಿ ಇಳಿಸಿದಾಗ ಅದರ ಕೊರಳಿನ ಸರಪಳಿ ಕಳಚಿತು, ನಿಜ. ಅದೇ ಗಳಿಗೆಯಲ್ಲಿ ಅನ್ನಪಾನನಿರೋಧ ಆರಂಭವಾಯಿತು. ಗೋವು ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನು ಉಂಟುಮಾಡುವುದೇ ಐದನೆಯ ಅತಿಚಾರವೆಂದು ಪೂಜ್ಯಪಾದರ ವಿವರಣೆ. ಮುಂದಿಟ್ಟ ಬೋಗುಣಿಯನ್ನು ಕಸಿದುಕೊಂಡರೂ, ಬೋಗುಣಿ ಇರುವ ಮನೆಯಿಂದ ಪ್ರಾಣಿಯನ್ನೇ ದೂರ ಮಾಡಿದರೂ ಬಾಧೆ ಒಂದೇ. ಸಾಯುವುದೆಂದು ತಿಳಿದೇ ಬಿಟ್ಟುಬಂದರೆ ಅದನ್ನು ಅತಿಚಾರವೆಂದು ಕರೆಯುವುದೂ ಕಷ್ಟ. ಅದು ಅನಾಚಾರಕ್ಕೆ ಸಮೀಪವಾದುದು.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವಿಷಯದಲ್ಲಿ ಒಂದು ಕ್ರಮವನ್ನೇ ತೋರಿಸಿದ್ದಾರೆ. ದನಕರುಗಳಿಂದ ಜೀವನ ನಡೆಸುವುದನ್ನು ನೈಷ್ಠಿಕ ಶ್ರಾವಕನು ಬಿಡುವುದು ಉತ್ತಮ. ಇಲ್ಲವೆ ಕಟ್ಟದೆಯೇ ಇಟ್ಟುಕೊಳ್ಳಬೇಕು. ಅದೂ ಆಗದಿದ್ದರೆ ನಿರ್ದಯವಾಗಿ ಕಟ್ಟಬಾರದು. ಇಲ್ಲಿರುವ ಮಾರ್ಗಗಳು ಮೂರೇ. ತಂದು, ದುಡಿಸಿ, ಮುದಿಯಾದ ಮೇಲೆ ಬೀದಿಗೆ ಬಿಡುವುದೆಂಬ ನಾಲ್ಕನೆಯ ಮಾರ್ಗವಿಲ್ಲ.

ಆದುದರಿಂದ ವಿಚಾರ ಮಾಡತಕ್ಕದ್ದು ತರುವುದಕ್ಕೆ ಮೊದಲು. ನಾಯಿಯ ಆಯುಷ್ಯ ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ; ಮಗುವಿನ ಹುಟ್ಟುಹಬ್ಬಕ್ಕೆ ತಂದ ಮರಿಯು ಆ ಮಗು ಕಾಲೇಜಿಗೆ ಹೋಗುವಾಗಲೂ ಇದ್ದೀತು. ನಾಯಿಯು ಹಾಲು, ಅನ್ನ, ರಾಗಿಮುದ್ದೆಗಳಿಗೆ ಹೊಂದಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಮಾಂಸದಲ್ಲಿರುವ ಸತ್ತ್ವಗಳು ಬೇಕೇ ಬೇಕು. ಅದನ್ನು ಹಾಲನ್ನದಲ್ಲಿಯೇ ಇರಿಸಿದರೆ ಕಣ್ಣು, ಹೃದಯಗಳು ಕೆಡುತ್ತವೆ. ಬೆಕ್ಕು ಮೊದಲಾದವುಗಳನ್ನು ಸಾಕುವುದನ್ನು ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡದಲ್ಲಿ ಸೇರಿಸಿರುವುದು ಈ ದೃಷ್ಟಿಯಿಂದಲೂ ಯೋಚಿಸತಕ್ಕ ಮಾತು. ಅಂದಕ್ಕೆಂದು ಬಾಲ, ಕಿವಿ ಕತ್ತರಿಸಿದ ನಾಯಿಮರಿಯನ್ನು ಹಣ ಕೊಟ್ಟು ತರುವವನು ಛೇದಕ್ಕೆ ಅನುಮೋದನೆ ಕೊಟ್ಟಂತೆ. ನಾಡಿನ ಗಿಳಿಯನ್ನು ಪಂಜರದಲ್ಲಿಡುವುದಂತೂ ಬಂಧವಲ್ಲದೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೂ ವಿರುದ್ಧ. ಆದರೆ ರೆಕ್ಕೆ ಕತ್ತರಿಸಿದ ಗಿಳಿಯನ್ನು ಪಂಜರದ ಬಾಗಿಲು ತೆರೆದು ಹಾರಿಬಿಟ್ಟರೆ ಅದು ಮೊದಲ ಬೆಕ್ಕಿನ ಬಾಯಿಗೆ ಬೀಳುತ್ತದೆ. ಅದನ್ನು ಅರಣ್ಯ ಇಲಾಖೆಗೆ ಒಪ್ಪಿಸುವುದೇ ಸರಿ.

ರಾಜ್ಯದ ಶಾಸನವೂ ಮೌನವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೆಯ ಕಲಮು, ಒಡೆಯನು ಅನ್ನ, ನೀರು, ನೆರಳು ಕೊಡದಿರುವುದನ್ನೂ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದನ್ನೂ ಅಪರಾಧವೆಂದಿದೆ. ಮೊದಲ ಅಪರಾಧಕ್ಕೆ ಅದು ಗೊತ್ತುಮಾಡಿದ ದಂಡ ಮಾತ್ರ 10ರಿಂದ 50 ರೂಪಾಯಿ. ಒಂದು ಹೊತ್ತಿನ ಹೋಟೆಲಿನ ಊಟಕ್ಕೂ ಸಾಲದು. ವ್ರತಿಯಾದವನು ದಂಡದ ಅಂಕೆಯನ್ನು ನೋಡಿ ನಡೆಯುವವನಲ್ಲ. 2020ರಲ್ಲಿ ಕೊರೋನಾ ಕಾಲಿಟ್ಟಾಗ ಸಾಕುಪ್ರಾಣಿಗಳಿಂದ ರೋಗ ಬರುವುದೆಂಬ ಸುಳ್ಳು ಮಾತಿಗೆ ಹೆದರಿ ಹಲವು ನಗರಗಳಲ್ಲಿ ಜನರು ಅವನ್ನು ಹೊರಹಾಕಿದರು. ಅಂದು ನಾಯಿಗಳನ್ನು ಅಟ್ಟಿದ್ದು ಬಡತನವಲ್ಲ, ಭಯ.

ಇನ್ನು ಪರ್ವದ ದಿನಗಳ ಮಾತು. ಅಷ್ಟಮಿ, ಚತುರ್ದಶಿಗಳಲ್ಲಿ ಮನೆಮಂದಿಯೆಲ್ಲ ಉಪವಾಸವಿದ್ದರೆ ಒಲೆ ಹೊತ್ತುವುದಿಲ್ಲ. ಬಾಗಿಲ ಬಳಿ ಮಲಗಿರುವ ನಾಯಿಯೂ ಅಂದು ಹಸಿದಿರುತ್ತದೆ. ಮನೆಯವರು ಅದನ್ನು ಕಂಡು ‘ನಮ್ಮ ನಾಯಿಯೂ ಚತುರ್ದಶಿ ಮಾಡುತ್ತದೆ’ ಎಂದು ಮೆಚ್ಚಿಕೊಳ್ಳುವುದೂ ಉಂಟು. ಉಪವಾಸವಾದರೋ ತಾನಾಗಿ ಚತುರ್ವಿಧ ಆಹಾರವನ್ನು ಬಿಟ್ಟು ಕಷಾಯಗಳನ್ನು ತಗ್ಗಿಸಿಕೊಳ್ಳುವುದು. ಪ್ರತ್ಯಾಖ್ಯಾನವನ್ನೇ ಮಾಡದ ನಾಯಿಗೆ ಅಂದು ಇರುವುದು ಬರಿಯ ಹಸಿವು. ಪ್ರೋಷಧೋಪವಾಸದಲ್ಲಿ ಆರಂಭವನ್ನು ಬಿಟ್ಟು ಬಸದಿಯಲ್ಲಿ ಕಾಲ ಕಳೆಯುವವರು ಹುಲ್ಲು, ಹಿಂಡಿ, ನೀರು, ನಾಯಿಯ ಅನ್ನ ಇವುಗಳ ಹೊಣೆಯನ್ನು ಹಿಂದಿನ ದಿನವೇ ಮತ್ತೊಬ್ಬರಿಗೆ ವಹಿಸಿರಬೇಕು. ವಹಿಸುವವರು ಇಲ್ಲದಿದ್ದರೆ ತಾವೇ ಎದ್ದು ನೀರಿಡುವುದರಿಂದ ಪರ್ವಕ್ಕೆ ಕುಂದಿಲ್ಲ.

ಅಡುಗೆಮನೆಯ ಶುದ್ಧಿಗೆ ಅಡ್ಡಿಯೆಂದು ನಾಯಿಯನ್ನು ಅಟ್ಟುವವರಿದ್ದಾರೆ. ಶುದ್ಧಿಗೆ ಅದು ಹೊರಜಗಲಿಯಲ್ಲಿದ್ದರೆ ಸಾಕು. ಏಟು ತಿಂದು ಪ್ರಾಣ ಬಿಡುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರ ಕುಮಾರನು ಪಂಚನಮಸ್ಕಾರವನ್ನು ಹೇಳಿದ ಕಥೆ, ಅದು ಸುದರ್ಶನ ಯಕ್ಷನಾಗಿ ಹುಟ್ಟಿದ ಕಥೆ, 1424ರಲ್ಲಿ ಭಾಸ್ಕರ ಕವಿಯು ಕನ್ನಡಿಸಿದಂದಿನಿಂದ ಕನ್ನಡದ ಶ್ರಾವಕರ ಮನೆಗಳಿಗೆ ಹೊಸದಲ್ಲ. ಆ ನಾಯಿಯನ್ನು ಹೊಡೆದವರೂ ಯಜ್ಞದ ಅನ್ನವನ್ನು ಅದು ಮುಟ್ಟಿತೆಂಬ ಶುದ್ಧಿಯ ಮಾತನ್ನೇ ಆಡಿದ್ದರು.

ಈಗಾಗಲೇ ಬಿಟ್ಟುಬಂದವರು ಆಲೋಚನೆ, ಪ್ರತಿಕ್ರಮಣಗಳಿಗೆ ಕೂರುವ ಮೊದಲು ಬಿಟ್ಟ ಜಾಗಕ್ಕೆ ಹೋಗಿ ಹುಡುಕಬೇಕು. ನಾಯಿಗಳು ಇಳಿಸಿದ ಸ್ಥಳದ ಸುತ್ತಲೇ ಹಲವು ದಿನ ಕಾಯುವುದುಂಟು. ಸಿಕ್ಕರೆ ಮನೆಗೆ ತರುವುದು. ಮನೆಯಲ್ಲಿ ಇಟ್ಟುಕೊಳ್ಳಲು ನಿಜವಾಗಿಯೂ ಆಗದಿದ್ದರೆ, ದಿನದ ಖರ್ಚನ್ನು ತಾವೇ ವಹಿಸಿಕೊಂಡು, ನಂಬಿಕಸ್ಥರಾದ ಬೇರೆಯವರಿಗೋ ಗೋಶಾಲೆ, ಪಿಂಜರಾಪೋಳಗಳಿಗೋ ಕೈಯಾರೆ ಒಪ್ಪಿಸಿ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುವುದು.